ಮೂರನೇ ಮಾತಿನ ಹೊಸಬಳು

ನನ್ನ ದೊಡ್ಡಪ್ಪನಿಗೂ ದೊಡ್ಡಮ್ಮನಿಗೂ ಮದುವೆಯಾದಾಗ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಇವರ ಮನೆಮಾತು ಒಂದು, ಅವರದು ಇನ್ನೊಂದು. ಯಾರು ಯಾರದನ್ನು ಕಲಿಯಬೇಕು ಎಂಬಲ್ಲಿಗೆ ಬಂದಾಗ ಇಬ್ಬರೂ ಜಗ್ಗಲಿಲ್ಲ. ಬೇರೆಯವರಾಗಿದ್ದರೆ ತಿಂಗಳೊಳಗೆ ಯಾರೋ ಒಬ್ಬರು ಸೋತು ಕಲಿತುಬಿಡುತ್ತಿದ್ದರು. ಇವರು ದೊಡ್ಡಪ್ಪನ ಬೈಂಡಿಂಗ್ ಅಂಗಡಿಯ ಹಲಗೆಯ ಮೇಲೆ ಎದುರುಬದುರು ಕೂತು ದಾರ, ರಟ್ಟು, ಅಂಟು, ಸೂಜಿ ಎಂದು ಒಂದೊಂದನ್ನೇ ಎತ್ತಿ ಹಿಡಿದು, ಎರಡೂ ಮನೆಯವರು ಕೇಳಿರದ ಹೊಸ ಹೆಸರಿಟ್ಟರು. ಹೆಸರುಗಳು ಹೆಚ್ಚಿದ ಮೇಲೆ ಅವನ್ನು ಹೊಲಿಯುವುದಕ್ಕೆ ಕಟ್ಟುಪಾಡು ಬೇಕಾಯಿತು. ಅದನ್ನೂ ಕೂತು ಮಾಡಿದರು. ವರ್ಷಗಳು ಕಳೆದು ಇಬ್ಬರಿಗೂ ಪರಸ್ಪರರ ಭಾಷೆ ತಾನಾಗಿಯೇ ಬಂತು, ಆದರೆ ಆ ಹೊತ್ತಿಗೆ ಕಟ್ಟಿಕೊಂಡದ್ದನ್ನು ಬಿಡುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಮನೆಯಲ್ಲಿ ನಾವೆಲ್ಲ ಅದನ್ನು ಮೂರನೇ ಮಾತು ಎನ್ನುತ್ತಿದ್ದೆವು.

ಮೂರನೇ ಮಾತಿಗೆ ಒಂದು ನೇಮವಿತ್ತು. ಅದರಲ್ಲಿ ಸುಳ್ಳು ಹೇಳುವಂತಿಲ್ಲ. ಸುಳ್ಳು ಹೇಳಲೇಬೇಕೆಂದಿದ್ದರೆ ಉಳಿದೆರಡು ಭಾಷೆಗಳಿವೆಯಲ್ಲ, ಅವುಗಳಲ್ಲಿ ಧಾರಾಳವಾಗಿ ಹೇಳಬಹುದು ಎಂದು ದೊಡ್ಡಮ್ಮ ನಗುತ್ತಿದ್ದರು. ಹಬೆಯಾಡುವ ಅಂಟಿನ ಪಾತ್ರೆ ಕಲಕುತ್ತ ಅವರು ದೊಡ್ಡಪ್ಪನಿಗೆ ಏನೋ ಕೇಳುವುದು, ಇವರು ತಲೆಯೆತ್ತದೆ ಉತ್ತರ ಕೊಡುವುದು, ಮತ್ತೆ ಇಬ್ಬರೂ ಕೆಲಸಕ್ಕೆ ಬಗ್ಗುವುದು, ಇದನ್ನೆಲ್ಲ ನಾನು ಚಿಕ್ಕಂದಿನಲ್ಲಿ ಹಲಗೆಯ ಕೆಳಗೆ ಕೂತು ನೋಡಿದ್ದೇನೆ. ಕಿವಿಗೆ ಬಿದ್ದಷ್ಟು ಕಲಿತೂ ಇದ್ದೆ.

ಅವರ ಮಗಳು, ನನ್ನ ಅಕ್ಕ, ಒಂದು ಪದವನ್ನೂ ಕಲಿಯಲಿಲ್ಲ. ಕಲಿಸಲೂ ಇಲ್ಲ ಎನ್ನಬೇಕು. ಅವಳು ಒಳಗೆ ಬಂದರೆ ಅಪ್ಪ ಅಮ್ಮ ಮೂರನೇ ಮಾತಿಗೆ ಜಾರುತ್ತಿದ್ದರು. ದೊಡ್ಡವಳಾದ ಮೇಲೆ ಅವಳೇ ಹಟಕ್ಕೆ ಬಿದ್ದಳು. ‘ನನ್ನ ಬಿಟ್ಟು ಆಡ್ಕೊಳ್ಳೋ ಮಾತು ನನಗ್ಯಾಕೆ?’ ಎನ್ನುವಳು. ಅವಳಿಗೆ ಬೇಕರಿಯಲ್ಲಿ ಕೆಲಸ, ಮುಂಜಾನೆಯೇ ಒಲೆಯ ಮುಂದೆ ನಿಲ್ಲಬೇಕು. ಸಿಟ್ಟು ಕೂಡ ಆ ಒಲೆಯದ್ದೇ, ಆರಿಸಿದ ಮೇಲೂ ಎಷ್ಟೋ ಹೊತ್ತು ಬಿಸಿ.

ದೊಡ್ಡಮ್ಮ ತೀರಿಕೊಂಡ ಮೇಲೆ ಮೂರನೇ ಮಾತಾಡುವವರು ಲೋಕದಲ್ಲಿ ಒಬ್ಬರೇ ಉಳಿದರು. ಒಬ್ಬರೇ ಆಡುವುದನ್ನು ಮಾತು ಎನ್ನುವುದಾದರೂ ಹೇಗೆ? ದೊಡ್ಡಪ್ಪ ಮೊದಲಿನಂತೆ ಅಂಗಡಿ ತೆರೆದರು, ಹಾಳೆ ಮಡಿಸಿದರು, ಹೊಲಿದರು, ಒತ್ತುಯಂತ್ರದ ತಿರುಪು ಬಿಗಿದರು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಹಾಗಾಗಿ ಅವರ ದನಿ ಒಡೆಯುತ್ತಿರುವುದು ನಮ್ಮ ಗಮನಕ್ಕೆ ಬಂದದ್ದೇ ತಡವಾಗಿ. ಅಕ್ಕ ಎಳೆದುಕೊಂಡು ಹೋಗಿ ತೋರಿಸಿದಾಗ ಡಾಕ್ಟರು ಗಂಟಲಲ್ಲಿ ಗಡ್ಡೆಯಿದೆ ಎಂದರು. ಆಪರೇಷನ್ ಮಾಡಿದರೆ ಬದುಕುತ್ತಾರೆ, ಆದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಮಾತು ಹೋಗುತ್ತದೆ. ತಡಮಾಡದಿದ್ದರೆ ಒಳ್ಳೆಯದು ಎಂದರು.

ದೊಡ್ಡಪ್ಪ ಒಲ್ಲೆ ಎನ್ನಲಿಲ್ಲ. ಅದಕ್ಕಿಂತ ಕಷ್ಟದ್ದನ್ನು ಹೇಳಿದರು. ಮನೆಗೆ ಬಂದು, ನನ್ನ ಕಡೆ ತಿರುಗಿ, ಮೊದಲು ಮೂರನೇ ಮಾತಿನಲ್ಲಿ ನಿಧಾನವಾಗಿ ಹೇಳಿ, ಆಮೇಲೆ ಅಕ್ಕನಿಗಾಗಿ ನಮ್ಮ ಭಾಷೆಯಲ್ಲಿ ಹೇಳಿದರು.

‘ನನ್ನ ಬಾಯಿ ಮುಚ್ಚೋ ಮೊದಲು ಇನ್ನೊಂದು ಬಾಯಿ ತೆರೀಬೇಕು. ಇವಳು ಮೂರನೇ ಮಾತಲ್ಲಿ ಹೊಸಬರ ಸಾಲು ದಾಟಿದ ದಿನ ನಾನು ಆಸ್ಪತ್ರೆಗೆ ಹೋಗ್ತೀನಿ. ಅಲ್ಲೀವರೆಗೆ ಇಲ್ಲ.’

ನನಗೆ ಒಳಗೊಳಗೇ ಖುಷಿಯಾಯಿತು ಎಂದರೆ ನಂಬಬೇಕು. ಅರ್ಧ ಬರುತ್ತದಲ್ಲ, ಇನ್ನರ್ಧ ಏನು ಮಹಾ ಎಂದುಕೊಂಡೆ. ಕನ್ನಡಕದ ಅಂಗಡಿಯಲ್ಲಿ ನನ್ನದು ಕಣ್ಣು ಪರೀಕ್ಷೆ ಮಾಡುವ ಕೆಲಸ. ಮಧ್ಯಾಹ್ನ ಊಟದ ಬಿಡುವು, ಸಂಜೆ ಅಂಗಡಿ ಮುಚ್ಚಿದ ಮೇಲಿನ ಹೊತ್ತು, ಎಲ್ಲವನ್ನೂ ಬೈಂಡಿಂಗ್ ಅಂಗಡಿಗೇ ಕೊಟ್ಟೆ.

ಕೂತ ಮೊದಲ ದಿನವೇ ನನ್ನ ಜಂಬ ಇಳಿಯಿತು. ದೊಡ್ಡಪ್ಪ ತಿದ್ದುವ ರೀತಿಯೇ ಬೇರೆ. ಕಾಗದದ ಮಡಿಕೆ ತೀಡುವ ಮೂಳೆಯ ಪಟ್ಟಿಯೊಂದು ಸದಾ ಅವರ ಕೈಯಲ್ಲಿರುತ್ತದೆ. ತಪ್ಪಿದ ಕೂಡಲೇ ಅದರಿಂದ ಹಲಗೆಗೆ ಒಮ್ಮೆ ತಟ್ಟುವರು. ತಟ್ಟಿದರೆ ವಾಕ್ಯವನ್ನು ಮೊದಲಿನಿಂದ ಶುರು ಮಾಡಬೇಕು. ಎಲ್ಲಿ ತಪ್ಪಿತು ಎಂದು ಹೇಳುವುದಿಲ್ಲ, ನಾವೇ ಹುಡುಕಿಕೊಳ್ಳಬೇಕು. ದೊಡ್ಡಮ್ಮನೂ ಅವರೂ ಹೀಗೆಯೇ ಒಬ್ಬರನ್ನೊಬ್ಬರು ತಿದ್ದಿಕೊಂಡವರಂತೆ. ‘ಇವತ್ತು ಅಂಗಡಿಗೆ ಬಂದ ಅಜ್ಜಿಗೆ ಹೊಸ ಕನ್ನಡಕ ಕೊಟ್ಟೆ’ ಎಂಬಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ನನಗೆ ಬೆವರಿಳಿದಿತ್ತು. ಆ ಮಾತಿನಲ್ಲಿ ‘ನೀವು’ ಎಂಬುದೇ ಇಲ್ಲ, ಎಲ್ಲರೂ ‘ನೀನು’. ದೊಡ್ಡಪ್ಪನನ್ನು ಮೊದಲ ಸಲ ಏಕವಚನದಲ್ಲಿ ಕರೆದಾಗ ನನ್ನ ಕಿವಿ ಬಿಸಿಯಾಯಿತು. ಅವರಿಗೇನೂ ಅನಿಸಲಿಲ್ಲ, ತಟ್ಟಿದ್ದು ಬೇರೆ ಯಾವುದೋ ತಪ್ಪಿಗೆ.

ವಾರಗಳು ಉರುಳಿದವು. ಅಂಗಡಿಯ ಮಾತು ನಾಲಿಗೆಗೆ ಹತ್ತಿತು. ದಾರಕ್ಕೆ ಮೇಣ ಸವರು, ರಟ್ಟಿನ ಅಂಚು ಸರಿಯಿಲ್ಲ, ಅಂಟು ತೆಳುವಾಯಿತು, ಇಂಥವನ್ನೆಲ್ಲ ನಾನು ಯೋಚಿಸದೆ ಹೇಳುತ್ತಿದ್ದೆ. ಒಂದು ಸಂಜೆ ಒಂದೂ ತಟ್ಟು ಬೀಳದೆ ಇಡೀ ಪುಸ್ತಕ ಕಟ್ಟುವ ಕ್ರಮವನ್ನು ಹೇಳಿ ಮುಗಿಸಿ, ದಾಟಿದೆನಲ್ಲವೇ ಎಂದು ಎದೆಯುಬ್ಬಿಸಿ ಕೇಳಿದೆ. ದೊಡ್ಡಪ್ಪ ತಲೆಯಲ್ಲಾಡಿಸಿದರು. ಇದು ಅಂಗಡಿ ಮಾತು, ಗಿಳಿಗೂ ಬರುತ್ತದೆ ಎಂದರು.

ಹಾಗಾದರೆ ಗುರುತೇನು? ಅದನ್ನು ಎಷ್ಟು ಸಲ ಕೇಳಿದೆನೋ. ಇಷ್ಟು ಪದ ಬಂದರೆ ದಾಟಿದ ಹಾಗೆಯೇ? ಅಲ್ಲ. ಆ ಭಾಷೆಯಲ್ಲಿ ಕನಸು ಬಿದ್ದರೆ? ನಾಯಿಗೂ ಕನಸು ಬೀಳುತ್ತದೆ, ಅದಕ್ಕೆ ಯಾವ ಭಾಷೆ ಬರುತ್ತದೆ ಎಂದರು. ಜೋಕು ಹೇಳಿ ನಗಿಸಿದರೆ? ನಿನ್ನ ಜೋಕಿಗೆ ಯಾವ ಭಾಷೆಯಲ್ಲೂ ನಗು ಬರುವುದಿಲ್ಲ ಎಂದರು. ನನಗೆ ರೇಗಿಹೋಯಿತು. ನನ್ನ ಅಂಗಡಿಯಲ್ಲಾದರೆ ಗೋಡೆಯ ಮೇಲೆ ಅಕ್ಷರಗಳ ಫಲಕವಿದೆ, ಯಾವ ಸಾಲಿನವರೆಗೆ ಓದಿದರು ಎಂದು ನೋಡಿ ಹೇಳಿಬಿಡಬಹುದು. ಕಾಣದೆಯೂ ಕಂಡಂತೆ ಊಹಿಸಿ ಓದುವವರಿರುತ್ತಾರೆ, ಅವರನ್ನು ನಾನು ದನಿಯಲ್ಲೇ ಹಿಡಿಯುತ್ತೇನೆ. ಇಲ್ಲಿ ಫಲಕವೂ ಇಲ್ಲ, ಸಾಲೂ ಇಲ್ಲ. ನಿಮಗೆ ಹೇಗೆ ತಿಳಿಯುತ್ತದೆ ಎಂದರೆ, ಆದಾಗ ತಿಳಿಯುತ್ತದೆ ಎನ್ನುವರು.

ಅಷ್ಟರಲ್ಲಿ ಅವರ ದನಿ ಇನ್ನೂ ಕೆಳಗಿಳಿದಿತ್ತು. ಕೆಲವು ಪದಗಳು ಬರಿಯ ಗಾಳಿಯಾಗಿ ಹೊರಬರುತ್ತಿದ್ದವು. ಮಡಿಕೆ ತೀಡುವಾಗ ನಡುವೆ ನಿಲ್ಲಿಸಿ ಗಂಟಲು ಹಿಡಿದುಕೊಳ್ಳುವರು. ನಾನು ನೋಡದಂತೆ ನೋಡುತ್ತಿದ್ದೆ. ಒಂದೊಂದು ತಟ್ಟು ಬಿದ್ದಾಗಲೂ ನನ್ನ ತಪ್ಪಿನಿಂದ ಅವರ ಆಯುಸ್ಸು ಒಂದಿಷ್ಟು ಸವೆಯಿತು ಅನ್ನಿಸುತ್ತಿತ್ತು. ಆ ಭಯಕ್ಕೆ ನಾಲಿಗೆ ಇನ್ನಷ್ಟು ತಡವರಿಸುತ್ತಿತ್ತು.

ಅಕ್ಕ ಒಂದು ದಿನ ಬೇಕರಿಯ ಏಪ್ರನ್ ಕೂಡ ಬಿಚ್ಚದೆ ಬಂದಳು. ತೋಳಿನ ತನಕ ಹಿಟ್ಟು. ಬಾಗಿಲಲ್ಲೇ ನಿಂತು ಶುರು ಮಾಡಿದಳು.

‘ಅಪ್ಪ, ಇವಳು ದಾಟಿದ್ಲು ಅಂತ ಒಂದು ಮಾತು ಹೇಳಿಬಿಡು. ನಿನ್ನ ಗಂಟು ಏನು ಹೋಗುತ್ತೆ?’

‘ಹೇಳಬಹುದು,’ ಎಂದರು ದೊಡ್ಡಪ್ಪ. ‘ಆದ್ರೆ ಅದನ್ನ ಮೂರನೇ ಮಾತಲ್ಲೇ ಹೇಳಬೇಕಲ್ಲ. ಅದರಲ್ಲಿ ಇದುವರೆಗೆ ಒಂದು ಸುಳ್ಳೂ ಆಡಿಲ್ಲ. ಕೊನೇ ಮಾತೇ ಸುಳ್ಳು ಆಡಿ ಇವಳ ಬಾಯಿಗೆ ಹಾಕಿ ಹೋಗ್ಲಾ?’

ಅಕ್ಕ ನನ್ನ ಕಡೆ ನೋಡಿದಳು. ನಾನು ಏನಾದರೂ ಹೇಳುತ್ತೇನೆ ಅಂದುಕೊಂಡಳೋ ಏನೋ. ನಾನು ಹಾಳೆ ಮಡಿಸುತ್ತ ಕೂತೆ. ನಿಜ ಹೇಳಬೇಕೆಂದರೆ ಅವರು ಹೇಳಿದ್ದು ಸರಿ ಅನ್ನಿಸಿತ್ತು, ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂದಿತ್ತು. ಹೊರಗೆ ಹೋದ ಅಕ್ಕ ಬೀದಿಯಲ್ಲಿ ನಿಂತು ಏಪ್ರನ್ನಿನಲ್ಲೇ ಮುಖ ಒರೆಸಿಕೊಂಡಳು. ಕೆನ್ನೆಗೆಲ್ಲ ಹಿಟ್ಟು ಮೆತ್ತಿತು.

ಆಮೇಲೆ ಡಾಕ್ಟರಿಗೆ ಮತ್ತೆ ತೋರಿಸುವ ದಿನ ಬಂತು. ದೊಡ್ಡಪ್ಪನನ್ನು ಪರೀಕ್ಷಿಸಿ ಹೊರಗೆ ಬೆಂಚಿನ ಮೇಲೆ ಕೂರಿಸಿ, ಡಾಕ್ಟರು ಅಕ್ಕನನ್ನೂ ನನ್ನನ್ನೂ ಒಳಗೆ ಕರೆದರು. ಗಡ್ಡೆ ಬೆಳೆದಿದೆ. ಕತ್ತಿನ ಕಡೆಗೂ ಹಬ್ಬಿರುವಂತಿದೆ. ಮೊದಲು ಇದ್ದ ಭರವಸೆ ಈಗಿಲ್ಲ, ಆದರೂ ಈ ವಾರವೇ ಮಾಡಿದರೆ ಒಂದಿಷ್ಟು ಆಸೆ ಇಟ್ಟುಕೊಳ್ಳಬಹುದು. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಕಾರಿಡಾರಿನಲ್ಲಿ ಅಕ್ಕ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಳು. ಇದನ್ನು ಅಪ್ಪನಿಗೆ ಹೇಳಬೇಡ, ಆಸೆ ಕಡಿಮೆ ಅಂತ ಗೊತ್ತಾದರೆ ಆ ಮನುಷ್ಯ ಇನ್ಯಾಕೆ ದನಿ ಕಳಕೊಳ್ಳಲಿ ಅಂತ ಕೂತುಬಿಡುತ್ತಾನೆ ಎಂದಳು. ಅವಳು ಹೇಳಿದ್ದೂ ಸರಿಯೇ. ದೊಡ್ಡಪ್ಪನಿಗೆ ನಮ್ಮ ಭಾಷೆಯಲ್ಲಿ ಅಕ್ಕನೇ ಹೇಳಿದಳು, ಎಲ್ಲ ಹಾಗೇ ಇದೆಯಂತೆ, ಬೇಗ ಮಾಡಿಸಿಕೊಳ್ಳಬೇಕಂತೆ ಎಂದು. ಅವರು ಹೂಂಗುಟ್ಟಿದರು.

ಅಕ್ಕ ಕೆಲಸಕ್ಕೆ ಹೋದಳು, ನಾನು ದೊಡ್ಡಪ್ಪನ ಜೊತೆ ಅಂಗಡಿಗೆ ಬಂದೆ. ಅವರು ಕೋಟು ತೆಗೆದು ಮೊಳೆಗೆ ಸಿಕ್ಕಿಸಿದರು. ಹಲಗೆಯ ಮುಂದೆ ಕೂತರು. ಕೆಲಸಕ್ಕೆ ಕೈ ಹಾಕಲಿಲ್ಲ. ಮೂರನೇ ಮಾತಿನಲ್ಲಿ ಕೇಳಿದರು.

‘ವೈದ್ಯ ನಿನಗೆ ಏನು ಹೇಳಿದ?’

ಚಿಕ್ಕ ಪ್ರಶ್ನೆ. ಕೇಳಿದ ಕ್ಷಣವೇ ಅರ್ಥವಾಯಿತು. ಅದನ್ನು ಮನಸ್ಸಿನಲ್ಲಿ ನಮ್ಮ ಭಾಷೆಗೆ ತಿರುಗಿಸಿಕೊಳ್ಳುವ ಅಗತ್ಯವೂ ಬೀಳಲಿಲ್ಲ, ಅದು ನೇರವಾಗಿ ಎದೆಗೆ ಬಂತು. ಅಕ್ಕ ಹಿಡಿದ ಮಣಿಕಟ್ಟು ಇನ್ನೂ ನೋಯುತ್ತಿತ್ತು. ಹೊಸಬರಿಗೆ ಒಂದು ಅನುಕೂಲವಿದೆ, ಯಾವಾಗ ಬೇಕಾದರೂ ಹಿಂದೆ ಸರಿದು ನಿಲ್ಲಬಹುದು. ನಾನು ಸರಿದೆ.

‘ಅರ್ಥವಾಗಲಿಲ್ಲ,’ ಎಂದೆ, ಮೂರನೇ ಮಾತಿನಲ್ಲೇ. ಚೊಕ್ಕವಾಗಿ ಹೇಳಿದೆ. ತಪ್ಪಿರಲಿಲ್ಲ.

ಬಾಯಿಂದ ಹೊರಬಿದ್ದ ಮೇಲೆ ಏನು ಮಾಡಿದೆನೆಂದು ಹೊಳೆಯಿತು. ಆ ಹಲಗೆಯ ಮುಂದೆ ಇಬ್ಬರು ಒಂದು ಇಡೀ ದಾಂಪತ್ಯವನ್ನು ಕಳೆದಿದ್ದರು. ಜಗಳವಾಡಿದ್ದರು, ಕೊಂಕು ನುಡಿದಿದ್ದರು, ದಿನಗಟ್ಟಲೆ ಮಾತು ಬಿಟ್ಟಿದ್ದರು. ಸುಳ್ಳು ಆಡಿರಲಿಲ್ಲ. ಮೂರನೇ ಮಾತಿನ ಮೊದಲ ಸುಳ್ಳು ನನ್ನದು. ನನ್ನ ಮುಖಕ್ಕೆ ರಕ್ತ ನುಗ್ಗಿತು. ದೊಡ್ಡಪ್ಪನನ್ನು ನೋಡಲಾಗದೆ ಅಂಟಿನ ಪಾತ್ರೆಯನ್ನು ನೋಡಿದೆ.

ಅವರು ಪೂರ್ತಿ ನನ್ನ ಕಡೆ ತಿರುಗಿ ಕೂತರು. ಆಮೇಲೆ, ಆ ಒಡೆದ ದನಿಯಲ್ಲಿ, ಒಂದೊಂದೇ ಪದವನ್ನು ಎತ್ತಿ ಇಡುವಂತೆ ಹೇಳಿದರು.

‘ನೀನು ದಾಟಿದೆ.’

ನನಗೆ ಅಳು ಬಂತು. ಅಲ್ಲ ಎಂದೆ. ಈಗ ಹೇಳಿದ್ದು ಸುಳ್ಳು, ಅರ್ಥವಾಗಿತ್ತು, ಸುಳ್ಳು ಹೇಳಿ ದಾಟುವುದು ದಾಟುವುದಲ್ಲ ಎಂದೆ. ಮಾತು ತಾನಾಗಿ ಬರುತ್ತಿತ್ತು.

‘ಸುಳ್ಳಿನಿಂದ ದಾಟಲಿಲ್ಲ,’ ಎಂದರು. ‘ಇಷ್ಟು ದಿನ ತಪ್ಪು ಹೇಳಿದಾಗ ನಾಚುತ್ತಿದ್ದೆ. ಇವತ್ತು ಸರಿಯಾಗಿ ಹೇಳಿ ನಾಚಿದೆ. ನಾಲಿಗೆಗಾಗಿ ನಾಚುವವರು ಹೊಸಬರು. ನೀನು ಹೇಳಿದ್ದಕ್ಕಾಗಿ ನಾಚಿದೆ.’ ಉಸಿರು ತೆಗೆದುಕೊಂಡರು. ‘ಈಗ ಹೇಳು. ವೈದ್ಯ ಏನು ಹೇಳಿದ?’

ಹೇಳಿದೆ. ಗಡ್ಡೆ ಬೆಳೆದದ್ದು, ಹಬ್ಬಿದ್ದು, ಆಸೆ ಕಡಿಮೆಯಾದದ್ದು, ಅಕ್ಕ ಕಾರಿಡಾರಿನಲ್ಲಿ ಬೇಡಿಕೊಂಡದ್ದು, ಎಲ್ಲವನ್ನೂ. ಎಷ್ಟು ಕಡೆ ಎಡವಿದೆನೋ ನನಗೇ ಗೊತ್ತಿಲ್ಲ. ಆ ಭಾಷೆಯಲ್ಲಿ ಗಡ್ಡೆಗೆ ಪದವಿಲ್ಲ, ‘ಕತ್ತಿನೊಳಗಿನ ಗಂಟು’ ಎಂದೆ, ದಾರದ ಗಂಟಿಗೆ ಹೇಳುವ ಪದವನ್ನೇ ಹಾಕಿ. ಹಲಗೆಯ ಮೇಲೆ ಒಂದು ತಟ್ಟೂ ಬೀಳಲಿಲ್ಲ. ಅವರು ನನ್ನ ಮಾತನ್ನಲ್ಲ, ನಾನು ಹೇಳುತ್ತಿದ್ದುದನ್ನು ಕೇಳುತ್ತಿದ್ದರು. ನಡುನಡುವೆ ಪ್ರಶ್ನೆ ಹಾಕಿದರು. ಎಷ್ಟು ಹಬ್ಬಿದೆ? ನೋವು ಹೆಚ್ಚಾಗುತ್ತದೆಯೇ? ಗೊತ್ತಿದ್ದದ್ದಕ್ಕೆ ಉತ್ತರ ಕೊಟ್ಟೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ.

ಮುಗಿದ ಮೇಲೆ ನನಗೆ ತಡೆಯಲಾಗಲಿಲ್ಲ. ನಿನ್ನ ಹಟವೇ ನಿನ್ನನ್ನು ಇಲ್ಲಿಗೆ ತಂದಿತು ಎಂದೆ. ಮೊದಲೇ ಹೋಗಿದ್ದರೆ ಇಷ್ಟು ಹೊತ್ತಿಗೆ ಗುಣವಾಗಿ ಕೂತಿರುತ್ತಿದ್ದೆ, ನನ್ನನ್ನು ಕಾಯುತ್ತ ಕೂತು ಹಾಳು ಮಾಡಿಕೊಂಡೆ, ಈ ಪಾಪವನ್ನು ನಾನು ಎಲ್ಲಿಗೆ ಹೊರಲಿ ಎಂದೆ. ದೊಡ್ಡಪ್ಪನ ಮುಂದೆ ನಮ್ಮ ಭಾಷೆಯಲ್ಲಿ ನಾನು ಹೀಗೆಲ್ಲ ಆಡಿದವಳಲ್ಲ. ಅವರು ವಾದ ಮಾಡುತ್ತಾರೆ ಎಂದುಕೊಂಡೆ. ‘ಹೌದು,’ ಎಂದರು. ‘ಹಟ ನನ್ನದು. ಹೊರುವವನೂ ನಾನೇ. ನೀನಲ್ಲ.’

ಹಾಗಾದರೆ ಈಗ ಏನು ಮಾಡುತ್ತೀಯ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಆಸೆ ಇಷ್ಟೇ ಇರುವಾಗ ದನಿಯನ್ನು ಉಳಿಸಿಕೊಂಡೇ ಇರುತ್ತೇನೆ ಎಂದಿದ್ದರೆ ಯಾರು ತಾನೇ ತಪ್ಪು ಎನ್ನುತ್ತಿದ್ದರು? ಅವರು ಎದ್ದು ಒತ್ತುಯಂತ್ರದ ತಿರುಪು ಸಡಿಲಿಸಿ ಅದರಲ್ಲಿದ್ದ ಪುಸ್ತಕಗಳನ್ನು ಹೊರಗೆ ತೆಗೆದು ಒರೆಸಿ ಜೋಡಿಸಿಟ್ಟರು. ಯಾರ್ಯಾರಿಗೆ ತಲುಪಿಸಬೇಕೆಂದು ನನಗೆ ಹೇಳಿದರು. ಕೊನೆಗೆ, ನೀನು ದಾಟಿದ ದಿನ ಹೋಗುತ್ತೇನೆ ಎಂದು ಇದರಲ್ಲೇ ಹೇಳಿದ್ದೆನಲ್ಲ ಎಂದರು, ಅದೇನೂ ದೊಡ್ಡ ವಿಷಯವಲ್ಲ ಎನ್ನುವಂತೆ. ಅಕ್ಕನಿಗೆ ಫೋನು ಮಾಡಿ ಆಸ್ಪತ್ರೆಯಲ್ಲಿ ನಾಳೆಗೇ ಹಾಸಿಗೆ ಕೇಳಲು ಹೇಳು ಎಂದರು.

ಆಪರೇಷನ್ನಿನ ಬೆಳಿಗ್ಗೆ ಅವರಿಗೆ ಹಸಿರು ಅಂಗಿ ತೊಡಿಸಿದ್ದರು. ಬೆನ್ನಿನ ಹಿಂದಿನ ಲಾಡಿ ಸರಿಯಾಗಿ ಕಟ್ಟಿಲ್ಲವೆಂದು ಅಕ್ಕ ಮತ್ತೆ ಮತ್ತೆ ಬಿಚ್ಚಿ ಕಟ್ಟುತ್ತಿದ್ದಳು. ಅವರ ಕೊನೆಯ ಮಾತು ಮೂರನೇ ಮಾತಿನಲ್ಲಿರುತ್ತದೆ, ನನಗೆ ಹೇಳುತ್ತಾರೆ, ನಾನದನ್ನು ಎತ್ತಿಟ್ಟುಕೊಳ್ಳಬೇಕು ಎಂದು ರಾತ್ರಿಯೆಲ್ಲ ಅಂದುಕೊಂಡಿದ್ದೆ. ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ದೊಡ್ಡಪ್ಪ ನನ್ನ ಕಡೆ ನೋಡಲೇ ಇಲ್ಲ. ಅಕ್ಕನ ಕೈಯನ್ನು ಬೆನ್ನಿನಿಂದ ಮುಂದಕ್ಕೆ ಎಳೆದುಕೊಂಡು, ನಮ್ಮ ಭಾಷೆಯಲ್ಲಿ, ಇದ್ದ ದನಿಯನ್ನೆಲ್ಲ ಕೂಡಿಸಿ ಮಾತಾಡಿದರು.

‘ಮಗಳೇ, ನಾನೂ ನಿಮ್ಮಮ್ಮನೂ ಅದರಲ್ಲಿ ಏನು ಮಾತಾಡ್ತಿದ್ವಿ ಅಂದ್ಕೊಂಡಿದ್ದೆ? ಅರ್ಧ ನಿಂದೇ ಮಾತು. ನಿನಗೆ ಜ್ವರ ಬಂದ್ರೆ, ನೀನು ಮನೆಗೆ ತಡವಾಗಿ ಬಂದ್ರೆ, ನಾವಿಲ್ಲದ ಮೇಲೆ ನಿನ್ನ ಗತಿ ಏನು ಅಂತ. ಭಯಾನೆಲ್ಲ ಅದರಲ್ಲೇ ಆಡ್ಕೊಳ್ತಿದ್ವಿ. ನಿನಗೆ ತಿಳಿದ್ರೆ ನೀನೂ ಹೆದರ್ತೀಯ ಅಂತ. ಅದು ತಪ್ಪಾಯ್ತು.’

ಅಕ್ಕ ಅವರ ಕೈಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ನರ್ಸು ಬಂದು ಗಾಲಿಮಂಚವನ್ನು ತಳ್ಳಿದಾಗ ಬಾಗಿಲಿನ ತನಕ ಹಾಗೇ ಜೊತೆಗೆ ನಡೆದಳು. ನಾನು ಸಿದ್ಧ ಮಾಡಿಕೊಂಡಿದ್ದ ಉತ್ತರ ನನ್ನಲ್ಲೇ ಉಳಿಯಿತು. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ದನಿ ಮೊದಲಿನಿಂದಲೂ ಬಾಕಿ ಇಟ್ಟುಕೊಂಡಿದ್ದು ಅವಳಿಗೆ, ನನಗಲ್ಲ.

ಬಾಗಿಲು ಮುಚ್ಚಿದ ಮೇಲೆ ನಾವಿಬ್ಬರೂ ಗೋಡೆ ಪಕ್ಕದ ಕುರ್ಚಿಗಳಲ್ಲಿ ಕೂತೆವು. ಬಹಳ ಹೊತ್ತಿನ ಮೇಲೆ ಅಕ್ಕ, ನೆಲ ನೋಡುತ್ತ, ‘ನಾನಿಲ್ಲೇ ಇದೀನಿ’ ಅನ್ನೋದನ್ನ ಅದರಲ್ಲಿ ಹೇಗೆ ಹೇಳೋದು ಎಂದು ಕೇಳಿದಳು. ಹೇಳಿಕೊಟ್ಟೆ. ಅವಳ ಬಾಯಲ್ಲಿ ಅದು ಎತ್ತಲೋ ಹೋಯಿತು. ಮತ್ತೆ ಹೇಳಿಕೊಟ್ಟೆ, ಮತ್ತೆ ಹಾಗೇ ಆಯಿತು. ಹಾದುಹೋಗುವವರು ನಮ್ಮನ್ನು ತಿರುಗಿ ನೋಡಿದರು. ಅಕ್ಕ ಯಾರನ್ನೂ ಲೆಕ್ಕಿಸದೆ ತುಟಿ ಅಲುಗಿಸುತ್ತಲೇ ಇದ್ದಳು, ಡಾಕ್ಟರು ಹೊರಗೆ ಬಂದು ಸದ್ಯಕ್ಕೆ ಪಾರಾಗಿದ್ದಾರೆ, ಮುಂದಿನದನ್ನು ಕಾದು ನೋಡಬೇಕು ಎನ್ನುವ ತನಕ.

ಮಾರನೆಯ ದಿನ ವಾರ್ಡಿನೊಳಗೆ ಬಿಟ್ಟರು. ದೊಡ್ಡಪ್ಪನ ಕತ್ತಿನ ತುಂಬ ಬಟ್ಟೆ ಸುತ್ತಿತ್ತು, ನಡುವೆ ಒಂದು ನಳಿಕೆ. ಕಣ್ಣು ತೆರೆದಿದ್ದರು. ಅಕ್ಕ ಮಂಚದ ಪಕ್ಕ ಬಗ್ಗಿ, ಉಸಿರು ಹಿಡಿದು, ಕಲಿತದ್ದನ್ನು ಮೂರನೇ ಮಾತಿನಲ್ಲಿ ಹೇಳಿದಳು. ಎರಡು ಕಡೆ ತಪ್ಪಿದಳು. ನಾನು ತಿದ್ದಲು ಬಾಯಿ ತೆರೆದೆ. ದೊಡ್ಡಪ್ಪ ನನ್ನ ಕಡೆಗೆ ಕೈಯೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿ, ಅವಳಿಗೆ ಮತ್ತೊಮ್ಮೆ ಹೇಳು ಎಂಬಂತೆ ತಲೆಯಾಡಿಸಿದರು.